ಕತ್ತಿನ ಗಂಟು ಇಳಿಯುತ್ತಿಲ್ಲ: ಸ್ಕ್ಯಾನೋ, ಬಯಾಪ್ಸಿಯೋ? ಸರ್ಜನ್ ಮೇಡಂ ಜೊತೆ ಪ್ರಶ್ನೋತ್ತರ

ದಾವಣಗೆರೆ: ಮೇಡಂ, ಮಗನಿಗೆ ಆರು ವರ್ಷ. ನೆಗಡಿ ಆದಮೇಲೆ ದವಡೆ ಕೆಳಗೆ ಕಡಲೆಕಾಳಿನಷ್ಟು ಗಂಟು. ಒಂದು ವಾರ ಆಯ್ತು. ಸ್ಕ್ಯಾನ್ ಬೇಕಾ?

ಡಾಕ್ಟರ್: ಈಗಲೇ ಬೇಡ. ಮಕ್ಕಳಲ್ಲಿ ಇದು ಮಾಮೂಲು. ನಾಲ್ಕು ವಾರ ನೋಡಿ. ದಿನಾ ಒತ್ತಿ ಒತ್ತಿ ನೋಡಬೇಡಿ. ದೊಡ್ಡದಾಗುತ್ತಿದ್ದರೆ, ಜ್ವರ ಬಿಡದಿದ್ದರೆ ಕಾಯದೆ ತೋರಿಸಿ.

ತಿಪಟೂರು: ಮೇಡಂ, ಅಣ್ಣನಿಗೆ 34. ಎಡಗಡೆ ಕಾಲರ್ ಬೋನ್ ಮೇಲೆ ಗಂಟು, ಎರಡೂವರೆ ತಿಂಗಳಾಯ್ತು. ನೋವಿಲ್ಲ. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. 68 ಕೆಜಿ ಇದ್ದವನು ಈಗ 60. ಎಫ್‌ಎನ್‌ಎಸಿಯಲ್ಲಿ (ಗಂಟಿಗೆ ಸೂಜಿ ಹಾಕಿ ಮಾಡುವ ಪರೀಕ್ಷೆ) 'ರಿಯಾಕ್ಟಿವ್' ಅಂತ, ಅಂದರೆ ಸೋಂಕು ಗೀಂಕಿಗೆ ಊದಿದ್ದು ಅಂತ ಬಂದಿದೆ. ಕ್ಯಾನ್ಸರ್ ಇಲ್ಲ ಅಂತ ತಾನೇ? ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣವಾ? ಒಂದು ಕ್ಲಿನಿಕ್‌ನಲ್ಲಿ ಬಿಳಿ ಮಾತ್ರೆ ಕೊಟ್ಟರು, ಗಂಟು ಸ್ವಲ್ಪ ಇಳಿದಿದೆ.

ಡಾಕ್ಟರ್: ಮೊದಲು ಆ ಮಾತ್ರೆಯ ಹೆಸರು ಓದಿ ಹೇಳಿ. ಸ್ಟಿರಾಯ್ಡ್ ಆಗಿದ್ದರೆ ನನಗೆ ಭಯ. ಲಿಂಫೋಮಾ, ಅಂದರೆ ದುಗ್ಧಗ್ರಂಥಿ ಕ್ಯಾನ್ಸರ್‌ನ ಗಂಟು ಸ್ಟಿರಾಯ್ಡ್‌ಗೆ ಕರಗುತ್ತದೆ, ಆಮೇಲೆ ಬಯಾಪ್ಸಿಯಲ್ಲೂ ಕಾಯಿಲೆ ಸಿಗದೆ ಹೋಗಬಹುದು.

ಆ ಜಾಗದ ಗಂಟನ್ನು ಸುಮ್ನೆ ಬಿಡುವ ಹಾಗಿಲ್ಲ. ಎದೆ, ಹೊಟ್ಟೆಯ ಕಾಯಿಲೆಯೂ ಅಲ್ಲಿಗೆ ಬಂದು ಕೂರುತ್ತದೆ. ಎಫ್‌ಎನ್‌ಎಸಿ ಸೂಜಿಗೆ ಬರುವುದು ಬಿಡಿ ಜೀವಕೋಶ ಮಾತ್ರ. ತುರಿದ ಕಾಯಿ ನೋಡಿ ಹೋಳು ಹೇಗಿತ್ತು ಅಂತ ಹೇಳೋಕಾಗುತ್ತಾ? ಲಿಂಫೋಮಾ ಹೌದೋ ಅಲ್ಲವೋ ಅನ್ನಲು ಗಂಟಿನ ಒಳರಚನೆ ಕಾಣಬೇಕು. ಪೆಟ್ ಅಂದರೆ ಮೈಯೆಲ್ಲ ನೋಡುವ ಸ್ಕ್ಯಾನ್. ಅದರಲ್ಲಿ ಟಿಬಿ ಗಂಟೂ ಹೊಳೆಯುತ್ತದೆ, ಲಿಂಫೋಮಾವೂ ಹೊಳೆಯುತ್ತದೆ. ಎಲ್ಲೆಲ್ಲಿ ಗಂಟಿದೆ, ಯಾವುದನ್ನು ತೆಗೆಯಬೇಕು ಅಂತ ಸ್ಕ್ಯಾನ್ ತೋರಿಸುತ್ತದೆ. ಅದು ಏನು ಅಂತ ಬಯಾಪ್ಸಿಯೇ ಹೇಳಬೇಕು. ಸಾಧ್ಯವಾದರೆ ಗಂಟನ್ನು ಇಡಿಯಾಗಿ ತೆಗೆಸಿ.

ಇನ್ನೊಂದು ಮಾತು. ತೆಗೆದದ್ದನ್ನೆಲ್ಲ ಫಾರ್ಮಲಿನ್ (ತುಂಡು ಕೆಡದಂತೆ ಇಡುವ ದ್ರಾವಣ) ಡಬ್ಬಿಗೆ ಹಾಕಿದರೆ ಟಿಬಿ ಕಲ್ಚರ್, ಅಂದರೆ ಕ್ರಿಮಿ ಬೆಳೆಸಿ ನೋಡುವುದು, ಆಗುವುದಿಲ್ಲ, ಕ್ರಿಮಿ ಅದರಲ್ಲೇ ಸಾಯುತ್ತದೆ. 'ಒಂದು ತುಂಡು ಸಲೈನ್‌ನಲ್ಲಿ ಇಡಿ, ಸಿಬಿನ್ಯಾಟ್‌ಗೆ (ಟಿಬಿ ಕ್ರಿಮಿ ಪತ್ತೆಹಚ್ಚುವ ಪರೀಕ್ಷೆ), ಕಲ್ಚರ್‌ಗೆ' ಅಂತ ಆಪರೇಷನ್‌ಗೆ ಮೊದಲೇ ಹೇಳಿ.

ಶಿರಸಿ: ಕತ್ತಿ ತಾಗಿದರೆ ಹರಡುತ್ತದೆ ಮಾರಾಯ್ರೆ. ಸುಣ್ಣ ಅರಿಶಿನ ಕಲಸಿ ಏಳು ದಿನ ಹಚ್ಚಿ. ಫಾರ್ವರ್ಡ್ ಬಂದಿದ್ದು, ಪೂರ್ತಿ ಹಾಕಿದ್ದೇನೆ.

ಡಾಕ್ಟರ್: ಅಳಿಸಿ. ಬಯಾಪ್ಸಿಯಿಂದ ಲಿಂಫೋಮಾ ಹರಡುವುದಿಲ್ಲ. ಸುಣ್ಣ ಹಚ್ಚಿ ಕತ್ತು ಸುಟ್ಟುಕೊಂಡು ಬಂದವರಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ. ಗಾಯ ಮಾಯುವವರೆಗೆ ಬಯಾಪ್ಸಿ ಮುಂದಕ್ಕೆ ಹೋಯಿತು.

ಶಿರಸಿ: ನಮ್ಮಜ್ಜಿಗೆ ಅದರಿಂದಲೇ ಹೋಗಿತ್ತು.

ಮಂಡ್ಯ: ತಾನಾಗೇ ಹೋಗೋ ಗಂಟು ಅದು! ನಮ್ ಮಾವ ಹಿಂಗೇ ಲೇಪ ಹಚ್ಕೊಂಡು ಐದು ತಿಂಗಳು ಕಳೆದರು. ಆಮೇಲೆ ಟಿಬಿ ಅಂತ ಗೊತ್ತಾಯ್ತು.

ಶಿರಸಿ: ನಿಮ್ಮ ಮಾವನ ಕಥೆ ಯಾರು ಕೇಳಿದರು?

ಮಂಡ್ಯ: ನಿಮ್ಮಜ್ಜಿ ಕಥೆ ಯಾರು ಕೇಳಿದ್ರು?

ಗದಗ: ತಂಗಿ ಮದುವಿ ಗೊತ್ತಾಗೇತಿ. ಬಯಾಪ್ಸಿ ಕಲೆ ಉಳೀತದೇನ್ರಿ?

ಕೋಲಾರ: ಮೇಡಂ, ಮಗಳಿಗೂ ನೆಗಡಿ ಆಗಿ ಗಂಟು. ಸ್ಕ್ಯಾನ್ ಮಾಡಿಸಬೇಕಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಮೈಸೂರು: ಟಿಬಿ ಮಾತ್ರೆ ಶುರುಮಾಡಿ ಎರಡು ತಿಂಗಳು. ಗಂಟು ಇನ್ನೂ ದೊಡ್ಡದಾಗಿದೆ. ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಚಿಕಿತ್ಸೆ ನಡುವೆ ಕೆಲವರಿಗೆ ಹಾಗೆ ಉಬ್ಬುತ್ತದೆ. ಕೊಟ್ಟ ಡಾಕ್ಟರಿಗೇ ತೋರಿಸಿ.

ಶಿರಸಿ: ಅಲೋಪತಿಯವರಿಗೆ ಬರೀ ಕತ್ತರಿಸೋದೇ ಗೊತ್ತು.

ಡಾಕ್ಟರ್: ಇನ್ನೊಂದು ಫಾರ್ವರ್ಡ್ ಬಂದರೆ ನಾನು ಇಲ್ಲಿ ಉತ್ತರಿಸುವುದಿಲ್ಲ. ತಿಪಟೂರಿನವರು ಎಲ್ಲಿ? ಮಾತ್ರೆ ಹೆಸರು?

ತಿಪಟೂರು: ಪ್ರೆಡ್ನಿಸೋಲೋನ್ ಅಂತಿದೆ ಮೇಡಂ. ಒಂಬತ್ತು ದಿನ ತಿಂದಿದ್ದಾನೆ.

ಡಾಕ್ಟರ್: ಅದೇ ಸ್ಟಿರಾಯ್ಡ್. ನಾಳೆ ಬೆಳಿಗ್ಗೆಯೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ, ಮೊದಲ ಮಾತಿಗೇ ಈ ಒಂಬತ್ತು ದಿನದ ವಿಷಯ ಹೇಳಿ. ಲ್ಯಾಬ್‌ನಿಂದ ಎಫ್‌ಎನ್‌ಎಸಿ ಸ್ಲೈಡ್ ಇಸ್ಕೊಳ್ಳಿ, ಬರೀ ರಿಪೋರ್ಟ್ ಸಾಲದು. ಏನಾಯ್ತು ಅಂತ ನನಗೆ ನೇರವಾಗಿ ಮೆಸೇಜ್ ಮಾಡಿ.