ಯೋಗ್ಯಕರ್ತಾದ ಅಗ್ಗದ ವಾರುಂಗ್‌ಗಳಲ್ಲಿ ಸಸ್ಯಾಹಾರಿ ತಾಯಿಯವರೊಂದಿಗೆ ಊಟ ಮಾಡುವುದು ಹೇಗೆ?

ಪ್ರಶ್ನೆ – ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸಂಶೋಧನೆಯ ಕೆಲಸಕ್ಕಾಗಿ ನಾನು ಮುಂದಿನ ತಿಂಗಳು ಜಾವಾ ದ್ವೀಪದ ಯೋಗ್ಯಕರ್ತಾ ನಗರಕ್ಕೆ ಹೋಗಲಿದ್ದು, ಮೊದಲ ಕೆಲವು ವಾರ ನನ್ನ ತಾಯಿಯವರೂ ಜೊತೆಗಿರುತ್ತಾರೆ. ನನಗೆ ದೊರೆಯುವ ಶಿಷ್ಯವೇತನದಲ್ಲಿ ಪ್ರತಿದಿನ ದೊಡ್ಡ ಹೋಟೆಲುಗಳಲ್ಲಿ ಉಣ್ಣಲು ಸಾಧ್ಯವಿಲ್ಲ. ಉಳಿದುಕೊಳ್ಳುವ ಕೋಣೆಯಲ್ಲಿ ಒಲೆಯೂ ಇಲ್ಲ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ಮತ್ತು ಕೂಲಿಕಾರರು ಊಟ ಮಾಡುವ, ವಾರುಂಗ್ ಎಂದು ಕರೆಯಲ್ಪಡುವ ಪುಟ್ಟ ಖಾನಾವಳಿಗಳನ್ನೇ ನಾವೂ ಅವಲಂಬಿಸಬೇಕಾಗುತ್ತದೆ.

ನಾನು ಕೋಳಿ, ಮೀನು ತಿನ್ನುತ್ತೇನೆ, ದನದ ಮಾಂಸ ತಿನ್ನುವುದಿಲ್ಲ. ತಾಯಿಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಈರುಳ್ಳಿ, ಬೆಳ್ಳುಳ್ಳಿಗೆ ಅವರ ಅಭ್ಯಂತರವಿಲ್ಲ. ತರಕಾರಿಯ ಪದಾರ್ಥ ಎಂದು ಕೊಟ್ಟದ್ದರಲ್ಲಿಯೂ ಸೀಗಡಿ ಸೇರಿರುತ್ತದೆ ಎಂದು ಕೇಳಿದ್ದೇನೆ. ಯಾವ ಬಗೆಯ ವಾರುಂಗ್‌ಗೆ ಹೋಗಬೇಕು, ಏನನ್ನು ಕೇಳಿ ಪಡೆಯಬೇಕು, ಅಲ್ಲಿ ಹಣ ಕೊಡುವ ಪದ್ಧತಿ ಹೇಗೆ ಎಂಬುದನ್ನು ಅಲ್ಲಿ ಬಾಳಿದವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ – ಜೋಗ್ಜಾ ನಿವಾಸಿ

ನಮಸ್ಕಾರ. ನಾನು ಈ ಊರಿನಲ್ಲಿ ಸಂಸಾರ ಸಮೇತ ಕೆಲವು ವರ್ಷಗಳಿಂದ ಇದ್ದೇನೆ. ನಿಮ್ಮ ತಾಯಿಯವರು ಇಲ್ಲಿ ಹಸಿದಿರಬೇಕಾಗಿ ಬರುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಪದಾರ್ಥದ ಮೇಲೆ ಕಾಣುವ ತರಕಾರಿಯನ್ನು ನೋಡಿ ತೀರ್ಮಾನಿಸದೆ, ಅದರ ಮಸಾಲೆಗೆ ಏನನ್ನು ಅರೆದಿದ್ದಾರೆ ಎಂಬುದನ್ನೇ ವಿಚಾರಿಸಬೇಕು. ಸೀಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಒಣಗಿಸಿ, ಮುದ್ದೆ ಕಟ್ಟಿದ ತೆರಾಸಿ ಎಂಬ ವಸ್ತು ಜಾವಾದ ಅಡುಗೆಯಲ್ಲಿ ನಮ್ಮ ಇಂಗಿನಷ್ಟು ಸಹಜವಾಗಿ ಬೀಳುತ್ತದೆ. ಹಲವು ಬಗೆಯ ಸಾಂಬಾಲ್ ಚಟ್ನಿಗಳು, ಕಂಗ್ಕುಂಗ್ ಸೊಪ್ಪಿನ ಹುರಿದ ಪಲ್ಯ, ಹುಣಸೆಹುಳಿಯ ಸಾಯುರ್ ಆಸೆಮ್, ಹುರಿದ ಅನ್ನವಾದ ನಾಸಿ ಗೋರೆಂಗ್, ಇವೆಲ್ಲದರಲ್ಲಿಯೂ ಅದು ಇರಬಹುದು. ತೆಂಗಿನ ಹಾಲಿನ ಸಾಯುರ್ ಲೋದೆಹ್‌ಗೆ ಕೆಲವರು ಒಣ ಸೀಗಡಿಯನ್ನೇ ಹಾಕುತ್ತಾರೆ.

ಈ ಕಾರಣದಿಂದ, ಮಾಡಿ ಇಟ್ಟ ಪದಾರ್ಥಗಳ ಅಂಗಡಿಗಿಂತ ಕಣ್ಣೆದುರಿಗೇ ಅರೆದು ಕೊಡುವ ಅಂಗಡಿಗಳನ್ನು ನಿಮ್ಮ ತಾಯಿಯವರಿಗಾಗಿ ಆರಿಸಿಕೊಳ್ಳಿ. ಲೋತೆಕ್ ಮತ್ತು ಗಾದೊ-ಗಾದೊ ಮಾರುವವರು ಹುರಿದ ಕಡಲೆಕಾಯಿ, ಮೆಣಸಿನಕಾಯಿ, ಬೆಲ್ಲ, ಹುಣಸೆಹುಳಿಗಳನ್ನು ಅಗಲವಾದ ಕಲ್ಲಿನ ಒರಳಿನಲ್ಲಿ ಪ್ರತಿ ಗಿರಾಕಿಗೂ ಬೇರೆಯಾಗಿ ಅರೆದು, ಬೇಯಿಸಿದ ಸೊಪ್ಪು, ಮೊಳಕೆಕಾಳು, ಅಲಸಂದೆಕಾಯಿ, ಸೋಯಾಕಾಳಿನಿಂದ ಮಾಡುವ ತೋಫು ಮತ್ತು ಟೆಂಪೆಗಳನ್ನು ಅದರಲ್ಲಿ ಕಲಸಿ ಕೊಡುತ್ತಾರೆ. ಅರೆಯಲು ತೊಡಗುವ ಮೊದಲೇ "ತಾನ್ಪಾ ತೆರಾಸಿ, ಬು" ಎಂದು ಹೇಳಿಬಿಟ್ಟರೆ ತೆರಾಸಿ ಹಾಕುವುದಿಲ್ಲ. ಬು ಎಂಬುದು ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಹಿರಿಯ ಗಂಡಸರಿಗೆ ಪಾಕ್, ಕಿರಿಯರಿಗೆ ಮಾಸ್ ಎನ್ನಬೇಕು. ಗಾದೊ-ಗಾದೊ ಮೇಲೆ ಬೇಯಿಸಿದ ಮೊಟ್ಟೆಯನ್ನೂ ಸೀಗಡಿಯ ಹಪ್ಪಳವನ್ನೂ ಇಡುವ ರೂಢಿಯಿರುವುದರಿಂದ "ತಾನ್ಪಾ ತೆಲುರ್, ತಾನ್ಪಾ ಕೆರುಪುಕ್" ಎಂಬುದನ್ನೂ ಸೇರಿಸಿ ಹೇಳಬೇಕು. ಹಪ್ಪಳ ಬೇಕೇಬೇಕು ಎನಿಸಿದರೆ ಮೆಲಿಂಜೊ ಮರದ ಬೀಜವನ್ನು ಜಜ್ಜಿ ಮಾಡುವ ಎಂಪಿಂಗ್ ಎಂಬುದನ್ನು ಕೇಳಿ. ಅದರ ಸಣ್ಣ ಕಹಿ ನನಗೆ ಬಹಳ ಹಿಡಿಸುತ್ತದೆ.

ಬೆಳಗಿನ ಹೊತ್ತಿಗೆ ಪೆಚೆಲ್ ಅತ್ಯುತ್ತಮ. ಇದರ ಕಡಲೆಕಾಯಿ ಮಸಾಲೆಗೆ ಕೆಂಚುರ್ ಎಂಬ ಶುಂಠಿಯ ಜಾತಿಯ ಗೆಡ್ಡೆಯೂ ನಿಂಬೆಯ ಎಲೆಯೂ ಸೇರುವುದರಿಂದ ಅದರ ಪರಿಮಳವೇ ಬೇರೆ. ಪೂರ್ವ ಜಾವಾದ ಮಾದಿಯುನ್ ಪಟ್ಟಣದ ಪೆಚೆಲ್ ಹೆಸರಾಂತದ್ದು. ಅದನ್ನು ಕಡ್ಡಿ ಚುಚ್ಚಿ ಮಡಿಸಿದ ಬಾಳೆ ಎಲೆಯಲ್ಲಿ ಅನ್ನದೊಂದಿಗೆ ಕೊಡುತ್ತಾರೆ. ಆದರೆ ಪೆಚೆಲ್‌ನ ಮಸಾಲೆಯನ್ನು ಸಾಮಾನ್ಯವಾಗಿ ಮೊದಲೇ ಅರೆದು ಇಟ್ಟಿರುತ್ತಾರಾದ್ದರಿಂದ, ಅದರಲ್ಲಿ ತೆರಾಸಿ ಇದೆಯೇ ಎಂದು ಕೇಳಿ ನಂಬಿಕೆಯಾದ ಒಬ್ಬರನ್ನೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜೊತೆಗೆ ಕೊಡುವ ರೆಂಪೆಯೆಕ್ ಎಂಬ ಗರಿಗರಿ ತಿನಿಸಿನಲ್ಲಿ ಕಡಲೆಕಾಯಿ ಇರುವುದೂ ಉಂಟು, ಒಣ ಸಣ್ಣ ಮೀನು ಇರುವುದೂ ಉಂಟು. ಬೆಳಕಿಗೆ ಹಿಡಿದು ನೋಡಿದರೆ ತಿಳಿಯುತ್ತದೆ.

ಇನ್ನು ಗುದೆಗ್ ವಿಷಯ. ಇದು ಯೋಗ್ಯಕರ್ತಾದ ಹೆಮ್ಮೆಯ ಅಡುಗೆ. ಎಳೆ ಹಲಸನ್ನು ತೆಂಗಿನ ಹಾಲು, ಬೆಲ್ಲ ಮತ್ತು ಮಸಾಲೆಗಳೊಂದಿಗೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ತೇಗದ ಎಲೆ ಹಾಕುವುದರಿಂದ ಅದಕ್ಕೆ ಕಡುಗಂದು ಬಣ್ಣ ಬರುತ್ತದೆ. ಅರಮನೆಯ ಪೂರ್ವಕ್ಕಿರುವ ವಿಜಿಲಾನ್ ಬೀದಿಯಲ್ಲಿ ಗುದೆಗ್ ಅಂಗಡಿಗಳ ಸಾಲೇ ಇದೆ. ಹಲಸು ಎಂದ ಮಾತ್ರಕ್ಕೆ ಮಲೆನಾಡಿನವರಿಗೆ ಆಸೆಯಾಗುವುದು ಸಹಜವಾದರೂ ನೀವಿಬ್ಬರೂ ಇಲ್ಲಿ ಎಚ್ಚರದಿಂದಿರಬೇಕು. ಗುದೆಗ್ ಜೊತೆ ಬಡಿಸುವ ಕ್ರೆಚೆಕ್ ಎಂಬ ಕೆಂಪು ಪದಾರ್ಥವನ್ನು ದನದ ಚರ್ಮದಿಂದ ಮಾಡಿರುತ್ತಾರೆ. ಅದರ ರಸವನ್ನು ಕೇಳದೆಯೇ ಅನ್ನದ ಮೇಲೆ ಸುರಿಯುವ ವಾಡಿಕೆಯಿದೆ. ಮೊಟ್ಟೆ, ಕೋಳಿಗಳನ್ನು ಹಲಸಿನ ಜೊತೆಗೇ ಬೇಯಿಸುವ ಮನೆಗಳೂ ಇವೆ. ನೀವು ಕ್ರೆಚೆಕ್ ಬಿಟ್ಟು ಕೋಳಿಯೊಂದಿಗೆ ನೆಮ್ಮದಿಯಾಗಿ ತಿನ್ನಬಹುದು. ತಾಯಿಯವರಿಗೆ ಮಾತ್ರ ಗುದೆಗ್ ಬೇಡವೆಂದೇ ನನ್ನ ಅಭಿಪ್ರಾಯ.

ಉತ್ತರ – ಜಕಾರ್ತಾ ಕನ್ನಡಿಗ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಮಾಡಿ ಇಟ್ಟ ಪದಾರ್ಥಗಳ ಅಂಗಡಿಗಳನ್ನು ಪೂರ್ತಿಯಾಗಿ ಕೈಬಿಡುವುದು ನನಗೆ ಸರಿಕಾಣಲಿಲ್ಲ. ದಿನನಿತ್ಯ ಹೊಟ್ಟೆ ತುಂಬ ಊಟ ಸಿಗುವುದು ಅಲ್ಲಿಯೇ.

ಮಧ್ಯ ಜಾವಾದ ತೆಗಾಲ್ ಕಡೆಯವರು ನಡೆಸುವ ವಾರ್ತೆಗ್ ಎಂಬ ಖಾನಾವಳಿಗಳು ಜಕಾರ್ತಾದ ಗಲ್ಲಿಗಲ್ಲಿಯಲ್ಲಿವೆ. ಇತರ ಊರುಗಳಲ್ಲಿಯೂ ಸಿಗುತ್ತವೆ. ಎಷ್ಟೋ ವಾರ್ತೆಗ್‌ಗಳನ್ನು ಬಂಧುಗಳು ಸರದಿಯ ಮೇಲೆ ನಡೆಸುತ್ತಾರೆ. ಒಂದು ಕುಟುಂಬ ಕೆಲವು ತಿಂಗಳು ದುಡಿದು ಊರಿಗೆ ಮರಳಿದಾಗ ಇನ್ನೊಂದು ಕುಟುಂಬ ಬಂದು ಅದೇ ಅಂಗಡಿಯನ್ನು ವಹಿಸಿಕೊಳ್ಳುತ್ತದೆ. ಗಾಜಿನ ಕಪಾಟಿನ ಹಿಂದೆ ಹತ್ತಾರು ಪದಾರ್ಥಗಳಿರುತ್ತವೆ. ನೀವು ಬೆಂಚಿನ ಮೇಲೆ ಕುಳಿತು ಬೆರಳು ತೋರಿಸಿದರೆ ಸಾಕು, ಅನ್ನದ ಮೇಲೆ ಅದನ್ನು ಬಡಿಸಿಕೊಡುತ್ತಾರೆ. ಊಟ ಮುಗಿದ ಮೇಲೆ ಏನೇನು ತಿಂದಿರಿ ಎಂಬುದನ್ನು ನೀವೇ ಹೇಳಿ ಹಣ ಕೊಡುವುದು ಅನೇಕ ಕಡೆ ರೂಢಿ, ಅದರಲ್ಲಿಯೂ ತಟ್ಟೆಯಿಂದ ನೀವೇ ಎತ್ತಿಕೊಂಡ ಬಜ್ಜಿ, ಕರಿದ ಟೆಂಪೆಗಳ ಲೆಕ್ಕ ನಿಮ್ಮ ಬಾಯಿಂದಲೇ ಬರಬೇಕು. ಅವರು ಗಿರಾಕಿಯ ಮೇಲೆ ಇಡುವ ಈ ನಂಬಿಕೆಯನ್ನು ನಾನು ತುಂಬ ಗೌರವಿಸುತ್ತೇನೆ. ದಯವಿಟ್ಟು ಒಂದು ತುಂಡನ್ನೂ ಮರೆಯದೆ ಹೇಳಿ.

ಅಲ್ಲಿ ತಾಯಿಯವರಿಗೆ ನಾನು ಸೂಚಿಸುವುದು ಓರೆಕ್ ತೆಂಪೆ. ಟೆಂಪೆಯನ್ನು ಸಣ್ಣಗೆ ಹೆಚ್ಚಿ, ಕರಿದು, ಸಿಹಿಯಾದ ಸೋಯಾ ರಸವಾದ ಕೆಚಾಪ್ ಮಾನಿಸ್ ಮತ್ತು ಮೆಣಸಿನಕಾಯಿಯಲ್ಲಿ ಹುರಿದು ಮಾಡುವ ಪದಾರ್ಥವಿದು. ಟೆಂಪೆ ಜಾವಾದ್ದೇ ಸೃಷ್ಟಿ. ಬೇಯಿಸಿದ ಸೋಯಾಕಾಳಿಗೆ ಒಂದು ಬಗೆಯ ಬೂಷ್ಟನ್ನು ಬೆರೆಸಿ ಇಟ್ಟಾಗ ಕಾಳುಗಳು ಹೆಣೆದುಕೊಂಡು ಗಟ್ಟಿಯಾದ ಹಲಗೆಯಂತಾಗುತ್ತವೆ. ಮಾಂಸ ತಿನ್ನದವರಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಪುಷ್ಟಿಕರವಾದ ವಸ್ತು ಇನ್ನೊಂದಿಲ್ಲ. ಕರಿಯುವ ಎಣ್ಣೆ ಮೀನು, ಕೋಳಿಗಳಿಗೆ ಬಳಸಿದ್ದೇ ಆಗಿರಬಹುದು ಎಂಬುದನ್ನು ಮಾತ್ರ ತಾಯಿಯವರಿಗೆ ಮೊದಲೇ ತಿಳಿಸಿಬಿಡಿ.

ನೀವು ಒಬ್ಬರೇ ಹೋಗುವಾಗ ಪಾದಾಂಗ್ ಊಟವನ್ನು ಖಂಡಿತ ಮಾಡಬೇಕು. ಇದು ಪಶ್ಚಿಮ ಸುಮಾತ್ರದ ಮಿನಾಂಗ್ಕಬಾವು ಜನರ ಅಡುಗೆ. ಮೇಜಿನ ತುಂಬ ಸಣ್ಣ ತಟ್ಟೆಗಳನ್ನು ತಂದಿಟ್ಟು, ನೀವು ತಿಂದದ್ದಕ್ಕೆ ಮಾತ್ರ ಹಣ ಪಡೆಯುವ ಪದ್ಧತಿಗೆ ಹಿದಾಂಗ್ ಎನ್ನುತ್ತಾರೆ. ಕಪಾಟಿನ ಬಳಿ ನಿಂತು ಒಂದೇ ತಟ್ಟೆಗೆ ಬೇಕಾದ್ದನ್ನು ಹಾಕಿಸಿಕೊಂಡರೆ ಖರ್ಚು ಕಡಿಮೆ. ಕಟ್ಟಿಸಿಕೊಂಡು ಹೋದರೆ ಅನ್ನವನ್ನು ಇನ್ನಷ್ಟು ಧಾರಾಳವಾಗಿ ಕೊಡುವ ವಾಡಿಕೆಯೂ ಇದೆ. ಪ್ರಸಿದ್ಧವಾದ ರೆಂದಾಂಗ್ ಸಾಮಾನ್ಯವಾಗಿ ದನದ ಮಾಂಸದ್ದು. ನೀವು ಗುಲಾಯ್ ಎಂಬ ತೆಂಗಿನ ಹಾಲಿನ ಕೋಳಿ ಸಾರನ್ನು ಅಥವಾ ಮೀನನ್ನು ತೋರಿಸಿ, ಬೇಯಿಸಿದ ಮರಗೆಣಸಿನ ಸೊಪ್ಪನ್ನು ಹಾಕಿಸಿಕೊಳ್ಳಿ; ಆದರೆ ಅನ್ನದ ಮೇಲೆ ಹಲವು ಪದಾರ್ಥಗಳ ರಸವನ್ನು ಒಟ್ಟಿಗೆ ಸುರಿಯುವ ಮುನ್ನವೇ "ತಾನ್ಪಾ ಕುವಾಹ್" ಎಂದು ತಡೆಯಬೇಕು. ಇದೇ ಕಾರಣಕ್ಕೆ ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬೆಲೆಯ ಬಗ್ಗೆ ಹೇಳುವುದಾದರೆ, 1,000 ರುಪಿಯಾ ಎಂದರೆ ನಮ್ಮ 5ರಿಂದ 6 ರೂಪಾಯಿ. ಅನ್ನದೊಂದಿಗೆ ಎರಡು ತರಕಾರಿ, ಟೆಂಪೆ ತೆಗೆದುಕೊಂಡರೆ 15,000 ರುಪಿಯಾದ ಆಸುಪಾಸಿನಲ್ಲಿ ಊಟ ಮುಗಿಯುತ್ತದೆ. ಮಾಂಸ ಸೇರಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಮರುಪ್ರಶ್ನೆ – ತುಂಗಾತೀರ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ತಾಯಿಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಮೀನು ಕರಿದ ಎಣ್ಣೆಯಲ್ಲಿಯೇ ಕರಿದದ್ದು ತಮಗೆ ಬೇಡವೆಂದೂ, ಪದಾರ್ಥದಿಂದ ಪದಾರ್ಥಕ್ಕೆ ಹೋಗುವ ಸೌಟಿನ ವಿಷಯದಲ್ಲಿಯೂ ಮನಸ್ಸು ಒಪ್ಪುವುದಿಲ್ಲವೆಂದೂ ಹೇಳಿದರು. ಅವರಿಗೆ ಈ ವಯಸ್ಸಿನಲ್ಲಿ ಮುಜುಗರ ಉಂಟುಮಾಡಲು ನನಗೆ ಇಷ್ಟವಿಲ್ಲ. ಅಂಥವರಿಗೆ ಬೇರೆ ದಾರಿ ಇದೆಯೇ? ರಂಜಾನ್ ತಿಂಗಳಿನಲ್ಲಿ ಹಗಲು ಊಟ ಸಿಗುತ್ತದೆಯೇ?

ಉತ್ತರ – ಜೋಗ್ಜಾ ನಿವಾಸಿ

ತಾಯಿಯವರ ಮಾತು ಸಂಪೂರ್ಣವಾಗಿ ನ್ಯಾಯವಾದದ್ದು. ಹಾಗಿದ್ದರೆ ವಾರ್ತೆಗ್ ಬೇಡ. ಚೀನೀ ಮೂಲದ ಬೌದ್ಧರು ನಡೆಸುವ ಸಸ್ಯಾಹಾರಿ ಭೋಜನಾಲಯಗಳು ಇಲ್ಲಿನ ದೊಡ್ಡ ಊರುಗಳಲ್ಲಿವೆ. ಅಲ್ಲಿನ ಪಾತ್ರೆ, ಎಣ್ಣೆ, ಸೌಟು ಎಲ್ಲವೂ ಸಸ್ಯಾಹಾರಕ್ಕೇ ಮೀಸಲು. ಕೋಳಿ, ಮೀನಿನ ಆಕಾರದಲ್ಲಿ ಮಾಡಿದ ಸೋಯಾ ಪದಾರ್ಥಗಳನ್ನು ಕಂಡು ತಾಯಿಯವರು ಗಾಬರಿಯಾಗದಂತೆ ಮುಂಚಿತವಾಗಿ ತಿಳಿಸಿ. ಬೆಲೆ ವಾರುಂಗ್‌ಗಿಂತ ಸ್ವಲ್ಪ ಹೆಚ್ಚಾದರೂ ಕೈಗೆಟುಕುವಂಥದ್ದು.

ಬೆಳಿಗ್ಗೆ ಸಂತೆಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಮಾರುವ ತಿನಿಸುಗಳೂ ತಾಯಿಯವರಿಗೆ ಹಿಡಿಸಬಹುದು. ಮರಗೆಣಸಿನಿಂದ, ಅಕ್ಕಿಯಿಂದ ಮಾಡಿ ತೆಂಗಿನತುರಿ, ಬೆಲ್ಲದ ಪಾಕ ಹಾಕಿ ಬಾಳೆ ಎಲೆಯಲ್ಲಿ ಕೊಡುವ ಗೆತುಕ್, ಚೆನಿಲ್, ಲುಪಿಸ್ ಇವುಗಳಲ್ಲಿ ಮೀನು, ಮಾಂಸದ ಸಂಪರ್ಕವೇ ಬರುವುದಿಲ್ಲ. ಲೋತೆಕ್ ಅಂಗಡಿಗೆ ಹೋದಾಗ ಕರಿದ ತೋಫು, ಟೆಂಪೆ ಬಿಟ್ಟು ಬರಿಯ ಬೇಯಿಸಿದ ತರಕಾರಿಯನ್ನು ಕೇಳಿ, ಒರಳನ್ನು ಒಮ್ಮೆ ತೊಳೆದುಕೊಡುವಂತೆ ವಿನಂತಿಸಿ. ಗಿರಾಕಿಗಳ ಗದ್ದಲ ಇಲ್ಲದ ಹೊತ್ತಿನಲ್ಲಿ ಹೀಗೆ ಕೇಳಿದಾಗ ನನಗೆ ಯಾರೂ ಇಲ್ಲವೆಂದಿಲ್ಲ.

ಪೂರ್ವಕ್ಕೆ, ಸುರಬಾಯಾ ಕಡೆಗೆ ಪ್ರವಾಸ ಹೋದರೆ ಪೆತಿಸ್ ಎಂಬ ಕಪ್ಪು ಮುದ್ದೆಯ ಬಗ್ಗೆಯೂ ವಿಚಾರಿಸಿ. ಅದೂ ಸೀಗಡಿಯದೇ, ಅಲ್ಲಿ ಹಣ್ಣು, ತರಕಾರಿಗಳ ರುಜಾಕ್‌ಗೂ, ತೋಫುವಿನ ತಿನಿಸುಗಳಿಗೂ ಅದನ್ನು ಕಲಸುತ್ತಾರೆ.

ರಂಜಾನ್ ತಿಂಗಳಿನಲ್ಲಿ ಬಹಳಷ್ಟು ವಾರುಂಗ್‌ಗಳು ಹಗಲು ಮುಚ್ಚಿರುತ್ತವೆ. ತೆರೆದಿರುವವು ಬೀದಿಗೆ ಕಾಣದಂತೆ ಪರದೆ ಇಳಿಬಿಟ್ಟಿರುತ್ತವೆ. ಪರದೆ ಸರಿಸಿ ಒಳಗೆ ಹೋಗಿ ಉಣ್ಣುವುದಕ್ಕೆ ಯಾವ ಸಂಕೋಚವೂ ಬೇಡ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮಾತ್ರ ಎಲ್ಲೆಡೆ ವಿಪರೀತ ನೂಕುನುಗ್ಗಲಿರುವುದರಿಂದ ನೀವು ಅದಕ್ಕಿಂತ ಒಂದು ಗಂಟೆ ತಡವಾಗಿ ಹೋಗುವುದು ಅನುಕೂಲ. ನೀವು ಉಳಿದುಕೊಳ್ಳುವ ಬಡಾವಣೆ ಯಾವುದೆಂದು ಬರೆದರೆ, ಅಲ್ಲಿಗೆ ಹತ್ತಿರವಾಗುವ ಸಸ್ಯಾಹಾರಿ ಊಟದ ಜಾಗಗಳನ್ನು ನಾನೇ ಹೋಗಿ ನೋಡಿ ತಿಳಿಸುತ್ತೇನೆ.