ಚಿರಿಕಾವಾ ಕಲ್ಲುಕಂಬಗಳ ಬೆಟ್ಟಕ್ಕೆ 25 ಅಡಿ ಆರ್‌ವಿ, 3 ರಾತ್ರಿ: ಎಲ್ಲಿ ಎಡವಬಹುದು?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಅರಿಜೋನಾದ ಚಿರಿಕಾವಾ ನ್ಯಾಷನಲ್ ಮಾನ್ಯುಮೆಂಟ್‌ಗೆ ಹೊರಟಿದ್ದೇವೆ. ಟೂಸಾನ್‌ನಲ್ಲಿ ಕ್ಲಾಸ್ ಸಿ ಆರ್‌ವಿ (ವ್ಯಾನ್ ಮೂತಿಯ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ) ಬಾಡಿಗೆಗೆ ತಗೊಳ್ತೀವಿ, 25 ಅಡಿ ಅಂತ ಹೇಳಿದ್ದಾರೆ. ನಾಲ್ಕು ಜನ, ಇಬ್ಬರು 65 ದಾಟಿದವರು. ಬೊನಿಟಾ ಕ್ಯಾನಿಯನ್ ಕ್ಯಾಂಪ್‌ಗ್ರೌಂಡ್‌ನಲ್ಲಿ 3 ರಾತ್ರಿ.

ಕೇಳಬೇಕಾದ್ದು ಇಷ್ಟು. ಆ ಗಾಡಿ ಅಲ್ಲಿ ಹಿಡಿಸುತ್ತಾ? ಅದರಲ್ಲೇ ಬೆಟ್ಟದ ಮೇಲಿನ ನೋಟದ ಜಾಗ ಮಸಾಯ್ ಪಾಯಿಂಟ್‌ವರೆಗೆ ಹೋಗಬಹುದಾ? ಕರೆಂಟ್ ಪಾಯಿಂಟ್ ಇಲ್ಲವಂತೆ, ನೀರು ಮತ್ತು ಬ್ಯಾಟರಿ 3 ರಾತ್ರಿಗೆ ಸಾಲುತ್ತಾ? ಹೆಚ್ಚು ನಡೆಯಲಾಗದವರು ಏನೇನು ನೋಡಬಹುದು?

ಕಲ್ಲುಬಂಡೆ:
ಮೊದಲು ಟೇಪು ಹಿಡಿದು ಗಾಡಿ ಅಳೆಸಿ, ಉಳಿದ ಮಾತೆಲ್ಲ ಆಮೇಲೆ. ಅಲ್ಲಿ ಎರಡು ಬೇರೆ ಬೇರೆ ಮಿತಿಗಳಿವೆ, ಬಹಳ ಜನ ಒಂದನ್ನು ಓದಿ ಇನ್ನೊಂದನ್ನು ಬಿಡ್ತಾರೆ. ಕ್ಯಾಂಪ್‌ಗ್ರೌಂಡ್‌ಗೆ 29 ಅಡಿ. ಅಲ್ಲಿಂದ ಮುಂದೆ ಮೇಲಕ್ಕೆ ಏರುವ ರಸ್ತೆಗೆ 24 ಅಡಿ. ಅಂದರೆ ನಿಮ್ಮ 25 ಅಡಿಯ ಗಾಡಿ ಮಲಗೋದಕ್ಕೆ ಸರಿ, ಬೆಟ್ಟ ಹತ್ತೋದಕ್ಕೆ ಇಲ್ಲ. ಒಂದು ಅಡಿ ತಾನೇ ಅಂತ ಅಂದುಕೊಳ್ಳಬೇಡಿ. ರಸ್ತೆ ಕಿರಿದು, ತಿರುವುಗಳು ಬಿಗಿ. ಕ್ಲಾಸ್ ಸಿ ಗಾಡಿಯಲ್ಲಿ ಹಿಂದಿನ ಚಕ್ರದ ಆಚೆಗೆ ಚಾಚಿಕೊಂಡಿರುವ ಬಾಲ ಉದ್ದ. ತಿರುವಿನಲ್ಲಿ ಮೂತಿ ಒಳಗೆ ಹೋದಾಗ ಬಾಲ ಎದುರು ಲೇನಿಗೆ ಬೀಸುತ್ತೆ.

ಬಾಡಿಗೆಯವರು ಹೇಳುವ ಅಡಿಯನ್ನೂ ನಂಬಬೇಡಿ. ಮಾಡೆಲ್ ಹೆಸರಿನಲ್ಲಿರುವ ಅಂಕಿ ಎಷ್ಟೋ ಸಲ ನಿಜವಾದ ಉದ್ದಕ್ಕಿಂತ ಕಡಿಮೆ ಇರುತ್ತೆ. 22 ಅಂತ ಶುರುವಾಗೋ ಗಾಡಿ ಬಂಪರ್‌ನಿಂದ ಬಂಪರ್‌ಗೆ 24 ಇರೋದು ಸಾಮಾನ್ಯ. ಹಿಂದಿನ ಏಣಿ, ಸೈಕಲ್ ರ‍್ಯಾಕ್ ಎಲ್ಲ ಸೇರಿಸಿ ಅಳೆಯಿರಿ.

ಕ್ಯಾಂಪ್‌ಗ್ರೌಂಡ್‌ನಲ್ಲಿ ಇರೋದು ಸುಮಾರು 25 ಜಾಗ, ಎಲ್ಲವೂ 29 ಅಡಿಯವಲ್ಲ. ಸರ್ಕಾರಿ ಬುಕಿಂಗ್ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡುವಾಗ ಪ್ರತಿ ಜಾಗದ ಉದ್ದ ಬೇರೆಯಾಗಿ ತೋರಿಸುತ್ತೆ, ಅದನ್ನು ನೋಡದೆ ಒತ್ತಬೇಡಿ. ಸುತ್ತ ಮರಗಳು. ಹಿಂದಕ್ಕೆ ತಗೊಳ್ಳುವಾಗ ಒಬ್ಬರು ಕೆಳಗಿಳಿದು ಹಿಂದೆ ನೋಡಲಿ, ಇನ್ನೊಬ್ಬರು ಮೇಲೆ ನೋಡಲಿ. ಪೆಟ್ಟು ಬೀಳೋದು ಯಾವಾಗಲೂ ಚಾವಣಿಯ ಎಸಿ ಕವರ್‌ಗೆ ಇಲ್ಲವೇ ಮೂಲೆಗೆ.

ಮೇಲೆ ಹೋಗಲು ಮೂರು ದಾರಿ. ಒಂದು, 24 ಅಡಿಯೊಳಗಿನ ಗಾಡಿ ತಗೊಳ್ಳೋದು. ಎರಡು, ಜೊತೆಗೊಂದು ಸಣ್ಣ ಕಾರು. ನಾಲ್ಕು ಜನರಿದ್ದು ಇಬ್ಬರು ಹಿರಿಯರಿದ್ದರೆ ಇದೇ ಸರಿ. ಮೂರು, ವಿಸಿಟರ್ ಸೆಂಟರ್‌ನಿಂದ ಬೆಳಿಗ್ಗೆ ಮೇಲಕ್ಕೆ ಬಿಡುವ ಶಟಲ್. ಮೇಲೆ ಇಳಿಸಿ ಹೋಗ್ತಾರೆ, ವಾಪಸ್ಸು ನಿಮ್ಮ ಕಾಲೇ ಗತಿ. ಸಿಬ್ಬಂದಿ ಇದ್ದ ದಿನ ಮಾತ್ರ ಓಡುತ್ತೆ, ಹಿಂದಿನ ದಿನವೇ ಕೇಳಿಕೊಳ್ಳಿ.

ಬ್ಯಾಟರಿ ಭಟ್ಟ:
ಬ್ಯಾಟರಿ ಲೆಕ್ಕ ನಾನು ಹೇಳ್ತೀನಿ. ಅಕ್ಟೋಬರ್ ಕೊನೆಗೆ 5,400 ಅಡಿ ಎತ್ತರದಲ್ಲಿ ರಾತ್ರಿ ಚಳಿ ಇರುತ್ತೆ, ಫರ್ನೇಸ್ (ಗಾಡಿಯ ಗ್ಯಾಸ್ ಹೀಟರ್) ಹಚ್ಚಲೇಬೇಕು. ಗ್ಯಾಸ್‌ನಲ್ಲಿ ಉರಿಯೋದು ತಾನೇ ಅಂತ ಎಲ್ಲರೂ ಅಂದುಕೊಳ್ತಾರೆ. ಬಿಸಿಗಾಳಿ ತಳ್ಳುವ ಫ್ಯಾನ್ ಓಡೋದು ಬ್ಯಾಟರಿಯಲ್ಲಿ, 7ರಿಂದ 8 ಆಂಪ್. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35–40 ಆಂಪ್-ಅವರ್ ಹೋಯ್ತು. ಬಾಡಿಗೆ ಗಾಡಿಯಲ್ಲಿ ಸಾಮಾನ್ಯವಾಗಿ ಎರಡು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 160 ಆಂಪ್-ಅವರ್‌ನ ಆಸುಪಾಸು. ಅದರಲ್ಲಿ ಬಳಸಬೇಕಾದ್ದು ಅರ್ಧ ಮಾತ್ರ. ದೀಪ, ನೀರಿನ ಪಂಪು, ಗ್ಯಾಸ್ ಡಿಟೆಕ್ಟರ್ ಎಲ್ಲ ಸೇರಿ ಮೊದಲ ರಾತ್ರಿ ದಾಟುತ್ತೀರಿ, ಎರಡನೇ ರಾತ್ರಿ ಬೆಳಗಿನ ಜಾವ ಫ್ಯಾನ್ ಸೋಲುತ್ತೆ.

ಗಾಡಿಯ ಬ್ಯಾಟರಿ ಮೀಟರ್‌ನಲ್ಲಿ ನಾಲ್ಕು ದೀಪ ಉರಿಯೋದನ್ನು ನಂಬಬೇಡಿ. ಚಾರ್ಜರ್ ಬಿಚ್ಚಿ, ಏನನ್ನೂ ಓಡಿಸದೆ ಸ್ವಲ್ಪ ಹೊತ್ತು ಬಿಟ್ಟು ವೋಲ್ಟ್ ನೋಡಿ. 12.6 ಇದ್ದರೆ ತುಂಬಿದೆ. 12.1ಕ್ಕೆ ಬಂದರೆ ಅರ್ಧ ಮುಗಿದಿದೆ, ಅಲ್ಲಿಗೆ ನಿಲ್ಲಿಸಿ. ಜನರೇಟರ್ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ ಓಡಿಸಿದರೆ ಸಾಕು. ಯಾವ ಹೊತ್ತಿನಲ್ಲಿ ಓಡಿಸಬಹುದು ಅಂತ ಕ್ಯಾಂಪ್‌ಗ್ರೌಂಡ್ ಬೋರ್ಡ್ ನೋಡಿ. ಒಂದು ವಿಷಯ ತಪ್ಪದೆ ನೆನಪಿಡಿ: ಜನರೇಟರ್ ಗಾಡಿಯ ಟ್ಯಾಂಕ್‌ನಿಂದಲೇ ಪೆಟ್ರೋಲ್ ಎಳೆಯುತ್ತೆ, ಆದರೆ ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ನಿಂತುಹೋಗುತ್ತೆ. ಕೆಟ್ಟಿಲ್ಲ, ಪೈಪು ಅಷ್ಟು ಎತ್ತರದಲ್ಲೇ ಇಟ್ಟಿರೋದು, ವಾಪಸ್ಸು ಬರಲು ಇಂಧನ ಉಳಿಯಲಿ ಅಂತ. ಮಾನ್ಯುಮೆಂಟ್ ಒಳಗೆ ಬಂಕ್ ಇಲ್ಲ, ಅಂಗಡಿಯೂ ಇಲ್ಲ. ದಾರಿಯಲ್ಲಿ ಸಿಗುವ ವಿಲ್ಕಾಕ್ಸ್ ಊರಿನಲ್ಲಿ ಟ್ಯಾಂಕ್ ತುಂಬಿಸಿಯೇ ಹೊರಡಿ.

ಫ್ರಿಜ್ ಗ್ಯಾಸ್‌ನದ್ದಾದರೆ ಗಾಡಿ ಮಟ್ಟವಾಗಿ ನಿಲ್ಲಬೇಕು. ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ಹೆಚ್ಚು ವಾಲಿದರೆ ಒಳಗಿನ ಅಮೋನಿಯಾ ದ್ರಾವಣ ಕೊಳವೆಯಲ್ಲಿ ನಿಂತು, ಮೊದಲು ತಂಪು ಕಡಿಮೆಯಾಗಿ ಕೊನೆಗೆ ಪೂರ್ತಿ ಫ್ರಿಜ್ಜೇ ಹೋಗುತ್ತೆ. ಟಯರ್ ಕೆಳಗಿಡುವ ಲೆವೆಲಿಂಗ್ ಬ್ಲಾಕ್ ಬಾಡಿಗೆ ಕಿಟ್‌ನಲ್ಲಿದೆಯಾ ಅಂತ ಕೇಳಿ.

ನೀರು: ತಾಜಾ ನೀರಿನ ಟ್ಯಾಂಕ್ 35 ಗ್ಯಾಲನ್ ಅಂತಿಟ್ಟುಕೊಳ್ಳಿ. ಮೊದಲು ಕೈಕೊಡೋದು ಅದಲ್ಲ, ಬಚ್ಚಲು-ಸಿಂಕ್ ನೀರು ಸೇರುವ ಗ್ರೇ ಟ್ಯಾಂಕ್. ಷವರ್ ತಿರುಗಿಸಿಬಿಟ್ಟು ನಿಂತರೆ ನಿಮಿಷಕ್ಕೆ ಒಂದೂವರೆ-ಎರಡು ಗ್ಯಾಲನ್. ಮೈ ಒದ್ದೆ ಮಾಡಿ, ನಿಲ್ಲಿಸಿ, ಸೋಪು ಹಚ್ಚಿ, ತೊಳೆದುಕೊಂಡರೆ ಒಬ್ಬರಿಗೆ 2 ಗ್ಯಾಲನ್‌ನಲ್ಲಿ ಮುಗಿಯುತ್ತೆ. ಪಾತ್ರೆ ತೊಳೆಯುವ ಮೊದಲು ಟಿಶ್ಯೂನಿಂದ ಎಣ್ಣೆ-ಸಾರು ಒರೆಸಿ, ಅರ್ಧ ನೀರು ಉಳಿಯುತ್ತೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಫ್ಲಷ್ ಟಾಯ್ಲೆಟ್, ಕುಡಿಯುವ ನೀರಿನ ನಲ್ಲಿ ಇವೆ. ಷವರ್ ಇಲ್ಲ, ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಇಲ್ಲ. ಹಗಲು ಅಲ್ಲಿನ ಟಾಯ್ಲೆಟ್ಟೇ ಬಳಸಿ. 5 ಗ್ಯಾಲನ್‌ನ ಕ್ಯಾನ್ ಒಂದು ಇರಲಿ. ಗ್ರೇ ನೀರನ್ನು ನೆಲಕ್ಕೆ ಬಿಡುವಂತಿಲ್ಲ, ಬರೀ ಸೋಪಿನ ನೀರು ಅನ್ನೋ ನೆಪ ನಡೆಯಲ್ಲ.

ದಾರಿಹೋಕ:
ಬಹಳ ಉಪಕಾರ ಆಯ್ತು. ಹಾಗಾದರೆ ಕಾರನ್ನೂ ತಗೊಂಡು ಬರ್ತೀವಿ. ಹೋಗುವ ದಾರಿ ಬಗ್ಗೆ ಯಾರಾದರೂ ಹೇಳ್ತೀರಾ? ಮ್ಯಾಪ್‌ನಲ್ಲಿ ಪೋರ್ಟಲ್ ಅನ್ನೋ ಊರಿನ ಕಡೆಯಿಂದ ಒಂದು ದಾರಿ ಕಾಣ್ತಿದೆ, ಬೆಟ್ಟ ಹತ್ತಿ ಇಳಿಯುತ್ತೆ. ಬರುವಾಗ ಆ ಕಡೆ ಬರೋಣ ಅಂತ.

ಘಾಟಿ ಗೇರ್:
ಆ ದಾರಿ ಬೇಡ. ಅದು ಆನಿಯನ್ ಸ್ಯಾಡಲ್ ಅನ್ನೋ ಘಾಟಿ ದಾಟಿ ಪೈನರಿ ಕ್ಯಾನಿಯನ್‌ಗೆ ಇಳಿಯುವ ಮಣ್ಣುರಸ್ತೆ, ಆರ್‌ವಿಗೆ ಆಗಲ್ಲ. ಬಹುತೇಕ ಬಾಡಿಗೆ ಕರಾರುಗಳಲ್ಲಿ ಡಾಂಬರಿಲ್ಲದ ರಸ್ತೆಗೆ ಇಳಿದರೆ ವಿಮೆ ಅನ್ವಯಿಸಲ್ಲ, ಒಮ್ಮೆ ಓದಿ ನೋಡಿ. ನಾವಿಗೇಷನ್ ಆ ದಾರಿಯನ್ನು ತೋರಿಸುತ್ತೆ, ಹತ್ತಿರ ಅಂತ. ಹೋಗಬೇಕಾದ್ದು ಐ-10 ಹೆದ್ದಾರಿಯಲ್ಲಿ ಟೂಸಾನ್‌ನಿಂದ ಸುಮಾರು 80 ಮೈಲಿ ವಿಲ್ಕಾಕ್ಸ್‌ಗೆ, ಅಲ್ಲಿಂದ ರಾಜ್ಯ ರಸ್ತೆ 186ರಲ್ಲಿ, ಕೊನೆಗೆ ರಸ್ತೆ 181. ವಿಲ್ಕಾಕ್ಸ್‌ನಿಂದ 36 ಮೈಲಿಯ ಆಸುಪಾಸು. ಒಳಗೆ ಸಿಗ್ನಲ್ ಇರಲ್ಲ ಅಂತಲೇ ಇಟ್ಟುಕೊಂಡು ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ವಿಲ್ಕಾಕ್ಸ್ ಸುತ್ತ ಒಣಗಿದ ಕೆರೆಯಂಗಳ ಇದೆ, ಗಾಳಿ ಎದ್ದರೆ ದೂಳು ರಸ್ತೆಯನ್ನು ಪೂರ್ತಿ ಮುಚ್ಚಿಬಿಡುತ್ತೆ. ಆಗ ರಸ್ತೆಯಿಂದ ಆದಷ್ಟು ದೂರ ಗಾಡಿ ಇಳಿಸಿ, ಹೆಡ್‌ಲೈಟ್, ಹಜಾರ್ಡ್ ಎಲ್ಲ ಆರಿಸಿ, ಬ್ರೇಕ್ ಮೇಲಿಂದ ಕಾಲು ತೆಗೆದು ಪಾರ್ಕಿಂಗ್ ಬ್ರೇಕ್ ಹಾಕಿ. ಲೈಟ್ ಯಾಕೆ ಆರಿಸಬೇಕು ಅಂದರೆ, ಹಿಂದಿನವರು ಕೆಂಪು ದೀಪ ನೋಡಿ ರಸ್ತೆ ಅಲ್ಲೇ ಇದೆ ಅಂದುಕೊಂಡು ನೇರ ಬಂದು ಗುದ್ದುತ್ತಾರೆ. ಎತ್ತರದ ಗಾಡಿಗೆ ಅಡ್ಡಗಾಳಿಯೂ ಕಾಟ. ಗಂಟೆಗೆ 55–60 ಮೈಲಿಗಿಂತ ಹೆಚ್ಚು ಓಡಿಸಬೇಡಿ.

ಗಾಡಿ ಕೈಗೆ ಬಂದಾಗ ಟಯರ್ ನೋಡಿ. ಟಯರ್ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 3519 ಅಂದರೆ 2019ರ 35ನೇ ವಾರ. ಆರು ವರ್ಷ ದಾಟಿದ್ದರೆ ಬದಲು ಗಾಡಿ ಕೇಳಿ, ಟಯರ್ ಗೀರುಗಳ ಆಳ ಚೆನ್ನಾಗಿದ್ದರೂ ಸರಿ. ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು, ಟಯರ್ ತಣ್ಣಗಿರುವಾಗಲೇ ತುಂಬಿ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದ್ದನ್ನು ಯಾರೂ ಮುಟ್ಟಿರಲ್ಲ, ಅದನ್ನೇ ಮೊದಲು ನೋಡಿ.

ನಿಮ್ಮಲ್ಲಿ ಯಾರಾದರೂ ವೀಸಾದಲ್ಲೋ ಗ್ರೀನ್ ಕಾರ್ಡ್‌ನಲ್ಲೋ ಇದ್ದರೆ ಮೂಲ ಕಾಗದ ಗಾಡಿಯಲ್ಲಿ ಇರಲಿ. ಮೆಕ್ಸಿಕೋ ಗಡಿ ಹತ್ತಿರ, ಗಡಿ ಕಾವಲು ಪಡೆಯ (ಬಾರ್ಡರ್ ಪ್ಯಾಟ್ರೋಲ್) ತಪಾಸಣೆ ಸಿಗಬಹುದು. ಇನ್ನೊಂದು: ಅರಿಜೋನಾದಲ್ಲಿ ಗಡಿಯಾರ ಬದಲಾಗಲ್ಲ, ನ್ಯೂ ಮೆಕ್ಸಿಕೋದಲ್ಲಿ ಅಕ್ಟೋಬರ್‌ನಲ್ಲಿ ಒಂದು ಗಂಟೆ ಮುಂದೆ ಇರುತ್ತೆ. ಆ ಕಡೆ ಹೋಗಿ ಬರೋ ಪ್ಲಾನ್ ಇದ್ದರೆ ಲೆಕ್ಕ ಹಾಕಿ.

ಕಲ್ಲುಬಂಡೆ:
ದಾರಿಯಲ್ಲಿ ಟೆಕ್ಸಸ್ ಕ್ಯಾನಿಯನ್ ಬಳಿ ದುಂಡಗಿನ ದೊಡ್ಡ ಬಂಡೆಗಳು ಕಾಣ್ತವೆ, ಇದೇ ಚಿರಿಕಾವಾ ಕಲ್ಲು ಅಂದುಕೊಳ್ತಾರೆ. ಅಲ್ಲ. ಅವು ಭೂಮಿಯ ಒಳಗೇ ತಣ್ಣಗಾದ ಗ್ರಾನೈಟ್ ಜಾತಿ. ನೀವು ನೋಡಲು ಹೊರಟಿರೋದು ಬೂದಿ. ಸುಮಾರು 2.7 ಕೋಟಿ ವರ್ಷಗಳ ಹಿಂದೆ ಟರ್ಕಿ ಕ್ರೀಕ್ ಜ್ವಾಲಾಮುಖಿ ಸಿಡಿದು ಬಿದ್ದ ಬಿಸಿ ಬೂದಿ ತನ್ನ ಭಾರಕ್ಕೇ ಅಂಟಿಕೊಂಡು ರಯೋಲೈಟ್ ಟಫ್ (ಗಟ್ಟಿಯಾದ ಬೂದಿಕಲ್ಲು) ಆಯ್ತು, ಸುಮಾರು 2,000 ಅಡಿ ದಪ್ಪ. ತಣ್ಣಗಾಗುವಾಗ ನೆಟ್ಟಗೆ ಬಿರುಕು ಬಿಟ್ಟು, ಆ ಬಿರುಕಿಗೆ ನೀರು, ಮಂಜುಗಡ್ಡೆ ಹೊಕ್ಕು ಕೊರೆದು ಕೊನೆಗೆ ಉಳಿದದ್ದು ಕಂಬ. ಹತ್ತಿರ ಹೋದರೆ ಮೈಮೇಲೆ ಹಳದಿ-ಹಸಿರು ಕಲ್ಲುಹೂವು, ನಡುನಡುವೆ ಸೊಂಟ ಹಿಡಿದ ಹಾಗೆ ಸಣ್ಣಗಾದ ಪಟ್ಟಿಗಳು. ಆ ಪಟ್ಟಿ ಮೆದು ಪದರ, ಬೇಗ ಸವೆದದ್ದು. ಹೇಲ್‌ಸ್ಟೋನ್ ಟ್ರೇಲ್‌ನಲ್ಲಿ ಬಂಡೆಯಲ್ಲಿ ಹುದುಗಿದ ಗೋಲಿ ಗಾತ್ರದ ಉಂಡೆಗಳನ್ನು ನೋಡಿ. ಕಂಬ ಹತ್ತುವುದಕ್ಕೆ ನಿಷೇಧ ಇದೆ.

ಹಿರಿಯರಿಗೆ: ಕಾರಿನಲ್ಲಿ ಮಸಾಯ್ ಪಾಯಿಂಟ್‌ಗೆ (6,870 ಅಡಿ) ಹೋಗಿ ಅಲ್ಲಿನ ಅರ್ಧ ಮೈಲಿಯ ಸುತ್ತು ನಿಧಾನ ಮುಗಿಸಿ. ಕಂಬಗಳ ಸಾಲು ಅಲ್ಲಿಂದಲೇ ಪೂರ್ತಿ ಕಾಣುತ್ತೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬೆಳಕಿನಲ್ಲಿ ಹೋಗಿ, ನಡು ಮಧ್ಯಾಹ್ನ ಎಲ್ಲ ಚಪ್ಪಟೆ ಕಾಣುತ್ತೆ. ನಡೆಯುವವರಿಗೆ ಎಕೋ ಕ್ಯಾನಿಯನ್ ಲೂಪ್, 3.3 ಮೈಲಿ, ಅಪ್ರದಕ್ಷಿಣೆಯಾಗಿ: ಮೊದಲು ಎಕೋ ಕ್ಯಾನಿಯನ್ ಇಳಿದು, ಎಡ್ ರಿಗ್ಸ್ ಟ್ರೇಲ್ ಕಡೆಯಿಂದ ಹತ್ತಿದರೆ ಏರು ಹಗುರ. ಇನ್ನೂ ಶಕ್ತಿ ಇದ್ದವರಿಗೆ ಹಾರ್ಟ್ ಆಫ್ ರಾಕ್ಸ್, 7.3 ಮೈಲಿ, ತಲಾ 3 ಲೀಟರ್ ನೀರು. ಶಟಲ್‌ನಲ್ಲಿ ಹೋದರೆ ಎಕೋ ಕ್ಯಾನಿಯನ್‌ನಿಂದ ರಯೋಲೈಟ್ ಕ್ಯಾನಿಯನ್ ಹಿಡಿದು ವಿಸಿಟರ್ ಸೆಂಟರ್‌ವರೆಗೆ ಸುಮಾರು 4 ಮೈಲಿ, ಹೆಚ್ಚುಕಡಿಮೆ ಇಳಿಜಾರೇ. ಮಂಡಿ ನೋವಿದ್ದವರಿಗೆ ಇಳಿಜಾರೇ ಹೆಚ್ಚು ಕಷ್ಟ, ಹಾಗಾಗಿ ಅವರನ್ನು ಶಟಲ್ ಹತ್ತಿಸಬೇಡಿ.

ಬ್ಯಾಟರಿ ಭಟ್ಟ:
ವಾಪಸ್ಸು ಬರುವಾಗ ವಿಲ್ಕಾಕ್ಸ್‌ನ ಆರ್‌ವಿ ಪಾರ್ಕ್‌ಗಳಲ್ಲಿ ದುಡ್ಡು ಕೊಟ್ಟು ಡಂಪ್ ಮಾಡಬಹುದಾ ಅಂತ ಹೋಗುವಾಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮೊದಲು ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ನದ್ದು) ಬಿಡಿ, ಆಮೇಲೆ ಗ್ರೇ. ಆ ಸೋಪಿನ ನೀರೇ ಪೈಪು ತೊಳೆದುಬಿಡುತ್ತೆ.