ಡ್ರೈ ಎಂ-ಸ್ಯಾಂಡ್: ಮಳೆ ಶುರುವಾದ ಮೇಲೆ 75 ಮೈಕ್ರಾನ್ ಧೂಳು 18% ಬರುತ್ತಿದೆ, ಕ್ಲಾಸಿಫೈಯರ್ ಎಳೆಯುತ್ತಿಲ್ಲ

ಕ್ರಷರ್_ಸೈಟ್:
ಚಿಕ್ಕಬಳ್ಳಾಪುರ ಕಡೆ ಪ್ಲಾಂಟ್, ಗಂಟೆಗೆ ಸುಮಾರು 100 ಟನ್ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡುವ ಮರಳು). ಜಾ, ಕೋನ್ ಕ್ರಷರ್, ಆಮೇಲೆ ವಿಎಸ್‌ಐ (ತಿರುಗುವ ರೋಟರ್ ಕಲ್ಲನ್ನು ಎಸೆದು ಕಲ್ಲಿಗೇ ಬಡಿಸಿ ಒಡೆಯುವ ಯಂತ್ರ; ರಾಕ್-ಆನ್-ರಾಕ್, ರೋಟರ್ 840 ಎಂಎಂ, 1500 ಆರ್‌ಪಿಎಂ), 4 ಎಂಎಂ ಜರಡಿ, ಏರ್ ಕ್ಲಾಸಿಫೈಯರ್ (ಗಾಳಿಯಿಂದ ಧೂಳು ಬೇರೆ ಮಾಡುವುದು), ಬ್ಯಾಗ್ ಫಿಲ್ಟರ್ (ಆ ಧೂಳನ್ನು ಬಟ್ಟೆ ಚೀಲದಲ್ಲಿ ಹಿಡಿಯುವುದು). ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಈಗ ನಮ್ಮ ಜರಡಿ ಪರೀಕ್ಷೆಯಲ್ಲಿ 75 ಮೈಕ್ರಾನ್ ಕೆಳಗಿನದು 11% ಬಂದರೆ ಆರ್‌ಎಂಸಿಯವರು (ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟ್) 18% ಅಂತ ಲೋಡ್ ವಾಪಸ್ ಕಳಿಸುತ್ತಿದ್ದಾರೆ. ಫ್ಯಾನ್ ಡ್ಯಾಂಪರ್ ಪೂರ್ತಿ ತೆರೆದಿದ್ದೇವೆ, ಬ್ಯಾಗ್ ಡಿಪಿ (ಬ್ಯಾಗ್‌ನ ಎರಡೂ ಬದಿಯ ಗಾಳಿ ಒತ್ತಡದ ವ್ಯತ್ಯಾಸ) 210 ಎಂಎಂ ನೀರು ತೋರಿಸುತ್ತಿದೆ. ದೊಡ್ಡ ಫ್ಯಾನ್ ಹಾಕಬೇಕಾ?

ಲ್ಯಾಬ್_ಜರಡಿ:
ಫ್ಯಾನ್ ಮಾತು ಆಮೇಲೆ ಸರ್. ಎರಡೂ ಲೆಕ್ಕ ಸರಿಯೇ ಇರಬಹುದು. ನೀವು ಒಣ ಜರಡಿ ಹಿಡಿದಿದ್ದೀರಿ, ಅವರು ತೊಳೆದು ನೋಡಿದ್ದಾರೆ. ತೇವ ಇದ್ದಾಗ ಧೂಳು ದಪ್ಪ ಕಾಳಿಗೆ ಮೆತ್ತಿಕೊಂಡು ಒಣಗುತ್ತದೆ, ಎಷ್ಟು ಅಲುಗಾಡಿಸಿದರೂ ಬಿಡುವುದಿಲ್ಲ. ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2386 ಭಾಗ 1ರಲ್ಲಿ ಇರುವಂತೆ ತೊಳೆದು ನೋಡಿ: 110 ಡಿಗ್ರಿ ಸುತ್ತ ಒಣಗಿಸಿದ 500 ಗ್ರಾಂ, ಮೇಲೆ 1.18 ಎಂಎಂ, ಕೆಳಗೆ 75 ಮೈಕ್ರಾನ್ ಜರಡಿ, ನೀರು ತಿಳಿಯಾಗುವ ತನಕ ತೊಳೆದು, ಮತ್ತೆ ಒಣಗಿಸಿ ತೂಕ. 410 ಗ್ರಾಂ ಉಳಿದರೆ 18%. ಐಎಸ್ 383:2016 ಕ್ರಷ್ಡ್ ಸ್ಯಾಂಡ್‌ಗೆ ಕೊಟ್ಟಿರುವ ಮಿತಿ 15%, ಹಾಗಾಗಿ ಅವರು ವಾಪಸ್ ಕಳಿಸಿದ್ದರಲ್ಲಿ ತಪ್ಪಿಲ್ಲ.

ಜೊತೆಗೆ ಮೆಥಿಲೀನ್ ಬ್ಲೂ ಪರೀಕ್ಷೆ (ಜೇಡಿಮಣ್ಣು ಇದ್ದರೆ ಈ ನೀಲಿ ಬಣ್ಣ ಹೀರುತ್ತದೆ) ಮಾಡಿಸಿ. 2 ಎಂಎಂ ಕೆಳಗಿನ 200 ಗ್ರಾಂ ಮರಳು, 500 ಮಿಲಿ ನೀರು, ಲೀಟರಿಗೆ 10 ಗ್ರಾಂ ಬಣ್ಣದ ದ್ರಾವಣ. 5 ಮಿಲಿಯಂತೆ ಹಾಕುತ್ತಾ ಹೋಗಿ, ಫಿಲ್ಟರ್ ಪೇಪರ್ ಮೇಲೆ ತಿಳಿನೀಲಿ ಉಂಗುರ 5 ನಿಮಿಷ ನಿಂತರೆ ಮುಗಿಯಿತು. 35 ಮಿಲಿ ಹಿಡಿದರೆ ಕಿಲೋಗೆ 1.75 ಗ್ರಾಂ. ಚೀನಾದ ಮರಳಿನ ಸ್ಟ್ಯಾಂಡರ್ಡ್ 1.4ಕ್ಕೆ ಗೆರೆ ಎಳೆದಿದೆ. ಅದಕ್ಕಿಂತ ಮೇಲೆ ಹೋದರೆ ಅದು ಬರೀ ಕಲ್ಲಿನ ಪುಡಿ ಅಲ್ಲ, ಜೇಡಿ ಸೇರಿದೆ ಅಂತ ಲೆಕ್ಕ. ಸ್ಲಂಪ್ (ಹಸಿ ಕಾಂಕ್ರೀಟ್‌ನ ಮೆದುತನ) ಬೇಗ ಬೀಳಿಸುವುದು, ಅಡ್‌ಮಿಕ್ಸ್ಚರ್ (ಕಾಂಕ್ರೀಟ್‌ಗೆ ಹಾಕುವ ರಾಸಾಯನಿಕ) ಕುಡಿಯುವುದು ಹೆಚ್ಚಾಗಿ ಆ ಜೇಡಿ.

ಗಾಳಿ_ಲೆಕ್ಕ:
ವಿಎಸ್‌ಐ ಫೀಡ್ ತೇವ ಎಷ್ಟು? ಜಾ, ಕೋನ್ ಹತ್ತಿರ ಧೂಳಿಗೆ ನೀರು ಬಿಡುತ್ತಿದ್ದೀರಾ?

ಕ್ರಷರ್_ಸೈಟ್:
ತೊಳೆದಾಗ 17.6% ಬಂತು. ಬ್ಲೂ 1.0. ಫೀಡ್ ತೇವ 3.4%. ಹೌದು, ಕೋನ್ ಕೆಳಗಿನ ಬೆಲ್ಟ್ ಮೇಲೆ 4 ನಾಝಲ್ ಇವೆ, ಒಂದೊಂದು ನಿಮಿಷಕ್ಕೆ 4 ಲೀಟರ್. ಕೋನ್‌ನಿಂದ ಬಂದದ್ದೆಲ್ಲ, ಪುಡಿ ಸಮೇತ, ನೇರ ವಿಎಸ್‌ಐಗೆ ಹೋಗುತ್ತದೆ.

ಗಾಳಿ_ಲೆಕ್ಕ:
ಹಾಗಾದರೆ ಜೇಡಿ ಅಲ್ಲ, ತೇವ. ಆ ನಾಝಲ್‌ಗಳೇ ಗಂಟೆಗೆ 960 ಲೀಟರ್ ಹಾಕುತ್ತಿವೆ, ಅಂದರೆ 100 ಟನ್‌ಗೆ ಹತ್ತಿರ ಹತ್ತಿರ 1%. ಗಾಳಿಯಲ್ಲಿ ಧೂಳು ಬೇರೆ ಮಾಡಬೇಕಾದರೆ ಫೀಡ್ ತೇವ 2% ಒಳಗಿರಬೇಕು, 1% ಸುತ್ತ ಇದ್ದರೆ ನೆಮ್ಮದಿ. ಅದಕ್ಕಿಂತ ಹೆಚ್ಚಾದರೆ ಕಾಳಿಗೆ ಅಂಟಿದ ಧೂಳನ್ನು ಗಾಳಿ ಎತ್ತುವುದಿಲ್ಲ, 4 ಎಂಎಂ ಜರಡಿಯ ಕಣ್ಣೂ ಮುಚ್ಚುತ್ತದೆ. ಫ್ಯಾನ್ ಎಷ್ಟು ದೊಡ್ಡದಾದರೂ ಅಷ್ಟೇ.

ನಾಝಲ್ ಇವತ್ತೇ ಬಂದ್ ಮಾಡಿ. ಅಲ್ಲಿ ಹುಡ್ ಕೂರಿಸಿ ಡಕ್ಟ್ ಎಳೆದು ಬ್ಯಾಗ್ ಫಿಲ್ಟರ್‌ಗೆ ಕೊಡಿ. ಡ್ರೈ ಪ್ಲಾಂಟ್‌ನಲ್ಲಿ ನೀರಿಗೆ ಜಾಗ ಕೊನೆಯಲ್ಲಿ ಮಾತ್ರ: ಸಿದ್ಧ ಮರಳಿಗೆ ಮಿಕ್ಸರ್‌ನಲ್ಲಿ 1-2%. ಲಾರಿಯಲ್ಲಿ ಧೂಳು ಏಳುವುದಿಲ್ಲ, ರಾಶಿ ಹಾಕುವಾಗ ದಪ್ಪ ಕಾಳು ಬೇರೆ, ಸಣ್ಣದು ಬೇರೆ ಆಗುವುದಿಲ್ಲ.

ಎರಡನೆಯದು ಪುಡಿ. ನೀರು ನಿಲ್ಲುವುದು ಕಲ್ಲಿನ ಮೈಮೇಲೆ. ಕಾಳು ಸಣ್ಣದಾದಷ್ಟೂ ಮೈ ಜಾಸ್ತಿ. ನೆನೆದ 20 ಎಂಎಂ ಜಲ್ಲಿ 1% ಆಸುಪಾಸು ಹಿಡಿದರೆ ನೆನೆದ ಪುಡಿ ಅದರ ಹಲವು ಪಟ್ಟು ಹಿಡಿಯುತ್ತದೆ. ಕೋನ್ ನಂತರ 5 ಎಂಎಂ ಜರಡಿ ಹಾಕಿ ಪುಡಿಯನ್ನು ಪಕ್ಕಕ್ಕೆ ತೆಗೆಯಿರಿ, ವಿಎಸ್‌ಐಗೆ 5ರಿಂದ 40 ಎಂಎಂ ಮಾತ್ರ ಹೋಗಲಿ. ವಿಎಸ್‌ಐಗೆ ಹೋಗುವ ಆ ರಾಶಿಗೆ ಶೀಟ್ ಚಾವಣಿ ಬೇಕೇ ಬೇಕು. ಟಾರ್ಪಾಲು ಎರಡು ಮಳೆಗೆ ಹರಿಯುತ್ತದೆ, ದುಡ್ಡು ದಂಡ.

ಡಿಪಿ 210 ಅಂದರೆ ಬ್ಯಾಗ್ ಮೇಲೆ ಧೂಳು ಕೆಸರಾಗಿ ಕಟ್ಟಿದೆ. ತಡೆ ಹೆಚ್ಚಾದಷ್ಟೂ ಕ್ಲಾಸಿಫೈಯರ್‌ಗೆ ಗಾಳಿ ಕಡಿಮೆ, ಡ್ಯಾಂಪರ್ ತೆರೆದರೂ ಫಲ ಇಲ್ಲದ್ದು ಅದಕ್ಕೇ. 100-150 ಒಳಗೆ ತರಬೇಕು. ಕಂಪ್ರೆಸರ್ ರಿಸೀವರ್ ನೀರು ದಿನಾ ಬಿಡಿ, ಪಲ್ಸ್ ಗಾಳಿ (ಬ್ಯಾಗ್ ಒದರುವ ಒತ್ತಡದ ಗಾಳಿ) 5-6 ಬಾರ್ ಇದೆಯಾ ನೋಡಿ, ಹಾಪರ್ ಕೆಳಗಿನ ರೋಟರಿ ಏರ್‌ಲಾಕ್ (ಗಾಳಿ ಬಿಡದೆ ಧೂಳು ಇಳಿಸುವ ತಿರುಗು ಕವಾಟ) ರಬ್ಬರ್ ಸವೆದು ಹೊರಗಾಳಿ ಎಳೆಯುತ್ತಿದೆಯಾ ನೋಡಿ. ಫೀಡ್ ಇಲ್ಲದೆ ಒಂದು ಗಂಟೆ ಪಲ್ಸ್ ಮಾತ್ರ ಓಡಿಸಿ. ಇಳಿಯದಿದ್ದರೆ ಬ್ಯಾಗ್ ಬದಲಿಸುವುದೇ ದಾರಿ.

ನೀರ್_ಮರಳು:
ಇಷ್ಟೆಲ್ಲ ಯಾಕೆ? ಸ್ಕ್ರೂ ವಾಷರ್ ಹಾಕಿ ತೊಳೆದುಬಿಡಿ.

ಲ್ಯಾಬ್_ಜರಡಿ:
ತೊಳೆದರೆ 75 ಮೈಕ್ರಾನ್ ಹೋಗುತ್ತದೆ ನಿಜ, ಅದರ ಜೊತೆ 150-300 ಮೈಕ್ರಾನ್ ಕಾಳೂ ಹೋಗುತ್ತದೆ. ಎಂ-ಸ್ಯಾಂಡ್‌ನಲ್ಲಿ ಮೊದಲೇ ಆ ಮಧ್ಯದ ಕಾಳು ಕಡಿಮೆ. ಕಾಂಕ್ರೀಟ್ ಒರಟಾಗಿ ನೀರು ಬಿಡುತ್ತದೆ. ಕೆಸರು ಹೊಂಡ, ಬೋರ್‌ವೆಲ್ ನೀರು, ಆ ಕೆಸರನ್ನು ಸುರಿಯುವ ಜಾಗದ ಜಗಳ ಬೇರೆ. ಬ್ಲೂ ಪರೀಕ್ಷೆಯಲ್ಲಿ ಜೇಡಿ ಬಂದಿದ್ದರೆ ಯೋಚಿಸಬಹುದಿತ್ತು, ಇಲ್ಲಿ 1.0 ಇದೆ.

ಕ್ರಷರ್_ಸೈಟ್:
ನಾಝಲ್ ಬಂದ್, ಪುಡಿ ಪಕ್ಕಕ್ಕೆ. ಫೀಡ್ ತೇವ 1.3%. ತೊಳೆದ ಲೆಕ್ಕ 12.1%ಕ್ಕೆ ಇಳಿಯಿತು. ಆರ್‌ಎಂಸಿಯವರು 10% ಕೇಳುತ್ತಿದ್ದಾರೆ.

ಗಾಳಿ_ಲೆಕ್ಕ:
ಈಗ ರೋಟರ್ ವೇಗಕ್ಕೆ ಕೈ ಹಾಕಿ. 840 ಎಂಎಂ, 1500 ಆರ್‌ಪಿಎಂಗೆ ತುದಿಯ ವೇಗ ಸೆಕೆಂಡಿಗೆ 66 ಮೀಟರ್, 1300ಕ್ಕೆ 57. ಧೂಳು ಹುಟ್ಟುವುದೇ ಕಡಿಮೆಯಾಗುತ್ತದೆ. ಆದರೆ 4 ಎಂಎಂ ಮೇಲಿನದು ವಾಪಸ್ ತಿರುಗುವುದು ಹೆಚ್ಚುತ್ತದೆ, ರಿಟರ್ನ್ ಬೆಲ್ಟ್ ತಡೆಯುತ್ತದೆಯಾ ನೋಡಿಕೊಂಡು 50 ಆರ್‌ಪಿಎಂನಂತೆ ಇಳಿಸಿ. ಕಾಳಿನ ಆಕಾರ ಚಪ್ಪಟೆಯಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ.

ವೇಗ ಮುಟ್ಟದೆ ಕ್ಲಾಸಿಫೈಯರ್‌ನಿಂದಲೇ 12.1ರಿಂದ 10ಕ್ಕೆ ತರುವುದಾದರೆ 100 ಟನ್‌ಗೆ ಇನ್ನೂ 2.3 ಟನ್ ಧೂಳು ಎಳೆಯಬೇಕು. ಧೂಳು ತುಂಬುವ ಸೈಲೋಗೆ ಅಷ್ಟು ಹೆಚ್ಚು ಬರುತ್ತದೆ, ತುಂಬಿದರೆ ಪ್ಲಾಂಟ್ ನಿಲ್ಲುತ್ತದೆ. ಹಾರುಬೂದಿ ಇಟ್ಟಿಗೆ, ಪೇವರ್, ಸಾಲಿಡ್ ಬ್ಲಾಕ್ ಮಾಡುವವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಜೇಡಿ ಇಲ್ಲದ ಒಣ ಪುಡಿ ಅಂದರೆ ಅವರು ತೆಗೆದುಕೊಳ್ಳುತ್ತಾರೆ, ಬ್ಲೂ ರಿಪೋರ್ಟ್ ತೋರಿಸಿ.

ಬ್ಯಾಗ್ ಬದಲಿಸುವ ಹುಡುಗರಿಗೆ ಎನ್95 ಕೊಡಿ. ಗ್ರಾನೈಟ್ ಧೂಳಿನ ಸಿಲಿಕಾ ಟವೆಲ್ ಕಟ್ಟಿಕೊಂಡರೆ ನಿಲ್ಲುವುದಿಲ್ಲ. ಒಳಗೆ ಇಳಿಯುವ ಮೊದಲು ಫ್ಯಾನ್, ಏರ್‌ಲಾಕ್ ಎರಡರ ಐಸೊಲೇಟರ್‌ಗೂ (ಕರೆಂಟ್ ಕಡಿಯುವ ಸ್ವಿಚ್) ಬೀಗ, ಕೀಲಿ ಒಳಗಿಳಿಯುವವನ ಜೇಬಿನಲ್ಲಿ.